ಶೇಕಡಾ ಎಪ್ಪತ್ತೊಂದು ಗಂಡಸರು

"ಇವತ್ತಿಂದ ನಿನ್ನ ಪೇಜ್ ನನ್ನ ಕೈಗೆ ಬಿಡು. ಮೂರೇ ತಿಂಗಳು! ನಿನ್ನ ಬ್ಲೌಸ್ ಹಾಕದ ಹೆಂಗಸು ತುಮಕೂರು ಜಿಲ್ಲೆಯಲ್ಲೇ ಇರಬಾರದು!"

ಭಾನುವಾರ ಬೆಳಿಗ್ಗೆ ಇಡ್ಲಿ ತಟ್ಟೆಯ ಮುಂದೆ ಕೂತು ಜಯಪ್ರಕಾಶ ಹೀಗೆ ಘೋಷಿಸಿದಾಗ, ಹೆಂಡತಿ ಸುಧಾ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು, "ಮೊದ್ಲು ಇಡ್ಲಿ ತಿನ್ರಿ, ಆರಿಹೋಗ್ತದೆ" ಎಂದಳು.

ಸದಾಶಿವನಗರದ ಮನೆಯ ಮುಂದಿನ ಕೋಣೆಯಲ್ಲಿ ಅವಳು ಬ್ಲೌಸ್ ಹೊಲಿಯುತ್ತಿದ್ದಳು. ಹೊಲಿದದ್ದನ್ನು ತಾನೇ ತೊಟ್ಟು ಫೋಟೊ ತೆಗೆದು ಫೇಸ್‌ಬುಕ್ ಪೇಜಿಗೆ ಹಾಕುತ್ತಿದ್ದಳು. ಆರ್ಡರೂ ಬರುತ್ತಿತ್ತು. ಆದರೆ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ ಜಯಪ್ರಕಾಶನಿಗೆ ಅಳೆಯದೆ ನಡೆಯುವ ಯಾವ ವ್ಯವಹಾರವೂ ಸರಿಬರುತ್ತಿರಲಿಲ್ಲ. ಕೂದಲೆಳೆಯಷ್ಟು ದಪ್ಪ ಹೆಚ್ಚಾದ ಬೋಲ್ಟನ್ನೂ ರಿಜೆಕ್ಟ್ ಮಾಡುವ ಮಹಾನುಭಾವ!

ಪೇಜನ್ನು ಯಾರು ಯಾರು ನೋಡುತ್ತಾರೆಂದು ತೋರಿಸುವ ಬಟನ್ ಒತ್ತಿದ. ಕೈಯಲ್ಲಿದ್ದ ಇಡ್ಲಿ ಸಾಂಬಾರಿಗೆ ಬಿತ್ತು.

"ಸುಧಾ! ನೋಡೋರಲ್ಲಿ ನೂರಕ್ಕೆ ಎಪ್ಪತ್ತೊಂದು ಜನ ಗಂಡಸರು ಕಣೇ! ಅದೂ ಐವತ್ತು ದಾಟಿದೋರು! ಎಲ್ಲಾ ಗುಬ್ಬಿ, ಕುಣಿಗಲ್ ಕಡೆಯೋರು!"

"ಇರ್ಲಿ ಬಿಡ್ರಿ. ಅವ್ರು ಯಾರು ಅಂದ್ರೆ..."

"ಯಾರಾದ್ರೂ ಆಗ್ಲಿ! ಬ್ಲೌಸ್ ಫೋಟೊ ಮುಂದೆ ಈ ಮೀಸೆಗಳಿಗೇನು ಕೆಲ್ಸ?"

ಗುಬ್ಬಿಯ ವೆಂಕಟರಂಗಯ್ಯ ಎಂಬಾತ, ಹಣೆಗೆ ನಾಮ, ದಪ್ಪ ಮೀಸೆ, ಕೊಬ್ಬರಿ ಮೂಟೆಗೆ ಒರಗಿ ನಿಂತ ಫೋಟೊದವನು, ಪ್ರತಿ ಬೋಟ್ ನೆಕ್ ಬ್ಲೌಸಿಗೂ ಕೆಂಪು ಹಾರ್ಟ್ ಒತ್ತಿದ್ದ. ಒಂದಕ್ಕಂತೂ "ತೋಳು ತುಂಬಾ ಚೆನ್ನಾಗಿದೆ" ಎಂದು ಬರೆದಿದ್ದ!

ಜಯಪ್ರಕಾಶ ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಮಧ್ಯಾಹ್ನದೊಳಗೆ ವೆಂಕಟರಂಗಯ್ಯನಿಂದ ಹಿಡಿದು ಅರವತ್ತಮೂರು ಗಂಡಸರನ್ನು ಬ್ಲಾಕ್ ಮಾಡಿದ. ಹದಿನೆಂಟರಿಂದ ಇಪ್ಪತ್ತೈದರ ಹೆಣ್ಣುಮಕ್ಕಳಿಗೆ ಮಾತ್ರ ಕಾಣುವಂತೆ ದುಡ್ಡು ಕಟ್ಟಿ ಜಾಹೀರಾತು ಬಿಟ್ಟ.

"ಟಾರ್ಗೆಟ್ ಅಂದ್ರೆ ಇದು!"

ಗುರಿಯೇನೋ ಸರಿಯಾಗಿ ತಗುಲಿತು. ಕಾಲೇಜು ಹುಡುಗಿಯರು "ಸೂಪರ್ ಅಕ್ಕ", "ಕ್ಯೂಟ್ ಅಕ್ಕ" ಎಂದು ನಾನೂರು ಲೈಕ್ ಒತ್ತಿದರು. ಅವರಲ್ಲಿ ಸೀರೆ ಉಡುವವರು ಒಬ್ಬರೂ ಇರಲಿಲ್ಲ! ಮದುವೆ ಸೀಸನ್ನಿನ ನಟ್ಟನಡುವೆ ಸುಧಾ ದಿಂಬಿನ ಕವರ್ ಹೊಲಿಯುತ್ತಾ ಕೂತಳು. ಗಂಡನನ್ನು ಬೈಯಲಿಲ್ಲ. ಅವನಿಗೆ ಭಯ ಹುಟ್ಟಿದ್ದೇ ಅದರಿಂದ.

ಮುಂದಿನ ಭಾನುವಾರ ಮನೆಯೆದುರು ಒಂದು ಟಿವಿಎಸ್ ಬಂದು ನಿಂತಿತು. ಇಳಿದ ಆಸಾಮಿಗೆ ಅದೇ ನಾಮ, ಅದೇ ಮೀಸೆ!

"ಬೋಟ್ ನೆಕ್ಕಿಗೆ ಹಾರ್ಟ್ ಒತ್ತೋರು ನೀವೇ ಅಲ್ವಾ?" ಜಯಪ್ರಕಾಶ ಗೇಟಿಗೆ ಅಡ್ಡ ನಿಂತು ಗರ್ಜಿಸಿದ.

ವೆಂಕಟರಂಗಯ್ಯ ಕಕ್ಕಾಬಿಕ್ಕಿಯಾದ. "ಬೋಟಾ? ನಾನು ದೋಣಿ ಹತ್ತಿದೋನೇ ಅಲ್ಲ ಸ್ವಾಮಿ. ಹಾರ್ಟಿಗೆ ಬೆಳಿಗ್ಗೆ ಒಂದ್ ಮಾತ್ರೆ ತಕಂತೀನಿ, ಅಷ್ಟೇಯ."

ಹಿಂದಿನ ಸೀಟಿನಿಂದ ಬಟ್ಟೆಗಂಟು ಸಮೇತ ಅವನ ಹೆಂಡತಿ ಪುಟ್ಟಗಂಗಮ್ಮ ಇಳಿದಳು.

"ಅದು ನಾನು ಕಣಪ್ಪ! ಫೋನು ಇವ್ರದು, ಫೇಸ್‌ಬುಕ್ಕು ಇವ್ರ ಹೆಸ್ರಲ್ಲೈತೆ. ಇವ್ರು ಉಂಡು ಅಡ್ಡಾಗ್ತಿದ್ದಂಗೆ ನೋಡೋಳು ನಾನು. ನಮ್ ಸ್ತ್ರೀಶಕ್ತಿ ಸಂಘದಲ್ಲಿ ಎಲ್ರದೂ ಹಿಂಗೇಯ! ಮಗಳ ಮದ್ವೆ ಹದಿನೈದು ದಿನ ಐತೆ, ಹನ್ನೊಂದು ಬ್ಲೌಸ್ ಆಗ್ಬೇಕು, ನೋಡಿದ್ರೆ ಪೇಜೇ ಮಾಯ! ಅದ್ರಲ್ಲಿದ್ದ ನಂಬರೂ ಹೋಯ್ತು. ಸುಧಮ್ಮ ಅಂಗ್ಡಿ ಮುಚ್ಚುದ್ರೇನೋ ಅಂತ ಎದೆ ಧಸಕ್ ಅಂತು! ಮೊದ್ಲು ಹೊಲಿಸ್ಕಂಡೋರ್ನ ಮನೆ ಕೇಳ್ಕಂಡು ಬಂದ್ವಿ."

ಜಯಪ್ರಕಾಶ ಗೇಟು ಬಿಟ್ಟು ಪಕ್ಕಕ್ಕೆ ಸರಿದ. "ನಿಂಗೆ ಇದು ಗೊತ್ತಿತ್ತಾ?" ಎಂದು, ಸದ್ದು ಕೇಳಿ ಹೊರಬಂದ ಹೆಂಡತಿಯನ್ನು ಕೇಳಿದ.

"ನಾನು ಬಾಯಿ ತೆಗೆದಾಗೆಲ್ಲ ನೀವು ಟಾರ್ಗೆಟ್ ಮಾಡ್ತಿದ್ರಿ" ಎಂದಳು ಸುಧಾ, ಪುಟ್ಟಗಂಗಮ್ಮನ ಕೈಯಿಂದ ಗಂಟು ತೆಗೆದುಕೊಳ್ಳುತ್ತಾ.

ಒಳಗೆ ಕಾಫಿ ಕುಡಿಯುತ್ತಾ ವೆಂಕಟರಂಗಯ್ಯ ಕನ್ನಡಕ ಏರಿಸಿ ಸುಧಾಳ ಫೋನಿನಲ್ಲಿ ತನ್ನದೇ ಹೆಸರಿನ ಕಾಮೆಂಟುಗಳನ್ನು ಓದಿದ.

"ಏನ್ಲೇ ಇದು? 'ನಮ್ಮನೆಯವ್ರಿಗೆ ಹಸಿರು ಅಂದ್ರೆ ಇಷ್ಟ' ಅಂತ ನನ್ನ ಹೆಸ್ರಲ್ಲಿ ಬರ್ದಿದೀಯಲ್ಲೇ!"

"ಸುಳ್ಳಾ?"

"ಸುಳ್ಳಲ್ಲ, ಬುಡು" ಎಂದು ಆತ ಕಾಫಿ ಲೋಟದ ಹಿಂದೆ ನಾಚಿಕೊಂಡ.

ಅವರು ಹೋದ ಮೇಲೆ ಜಯಪ್ರಕಾಶ ಬಟ್ಟೆ ರಾಶಿಯ ನಡುವೆ ಕೂತು ಅರವತ್ತಮೂರು ಜನರನ್ನೂ ಒಬ್ಬೊಬ್ಬರಾಗಿ ಬಿಡುಗಡೆ ಮಾಡತೊಡಗಿದ. ಆಗ ಫೋನ್ ಬಂತು, ಸ್ಪೀಕರ್ ಒತ್ತಿದ. ಕುಣಿಗಲ್‌ನಲ್ಲಿ ತಮ್ಮನ ಜೊತೆಗಿರುವ ಅಮ್ಮ!

"ಏನ್ಲಾ ಪ್ರಕಾಶ, ಪೇಜಿಂದ ನನ್ನ ಆಚೆಗೆ ಹಾಕಿದ್ದು ನೀನಂತೆ? ಸುಧಾ ಹೇಳುದ್ಲು."

"ನಿನ್ನನ್ನಾ? ನಾನ್ಯಾಕಮ್ಮ ನಿನ್ನನ್ನ..."

"ನೀನೇ ತಂದ್ಕೊಟ್ಟ ಸೆಕೆಂಡ್ ಹ್ಯಾಂಡ್ ಫೋನು ಕಣೋ. ಅದ್ರಲ್ಲಿ ಹಳೇ ಓನರ್ರು ಪುಟ್ಟರಂಗಯ್ಯನ ಹೆಸ್ರೇ ಬತ್ತದೆ."

ಜಯಪ್ರಕಾಶ ಪಟ್ಟಿಯ ಮೇಲೆ ಬೆರಳಾಡಿಸಿದ. ಮೂವತ್ತೆಂಟನೆಯವನು ಪುಟ್ಟರಂಗಯ್ಯ, ಕುಣಿಗಲ್. ಹೆತ್ತ ತಾಯಿಯನ್ನೇ ರಿಜೆಕ್ಟ್ ಮಾಡಿದ್ದ!

"ತಪ್ಪಾಯ್ತಮ್ಮ. ಈಗ್ಲೇ ತೆಗೀತೀನಿ. ಏನಾದ್ರೂ ಹೊಲಿಸ್ಬೇಕಿತ್ತಾ?"

"ಹೂಂ, ಬರ್ಕೊ. ನನ್ನ ಹೊಸ ಬ್ಲೌಸು ಹಿಂದುಗಡೆ ಇನ್ನೊಂಚೂರು ಡೀಪ್ ಇರ್ಲಿ. ಬೆನ್ನಿಗೆ ಗಾಳಿ ಆಡ್ಬೇಕು."

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. ಸುಧಾ ಸೆರಗನ್ನು ಬಾಯಿಗೆ ಒತ್ತಿ ಹಿಡಿದಳು. ಜಯಪ್ರಕಾಶ ಆರ್ಡರ್ ಪುಸ್ತಕ ಎಳೆದುಕೊಂಡು, ಪೆನ್ನಿನ ಕ್ಯಾಪ್ ತೆಗೆದು, ಬಹಳ ವಿನಯದಿಂದ ಕೇಳಿದ:

"ಎಷ್ಟು ಇಂಚಮ್ಮ?"