ಹಾಲು ಬಿಡಿಸಲು ಹೋದವನು

ನಾನು ಹೇಳುವುದನ್ನು ನೀವು ನಂಬುವುದಿಲ್ಲ. ನಂಬಲೇಬೇಡಿ. ಧೈರ್ಯ ಇದ್ದವರು ಒಂದು ಸಲ ಭದ್ರಾವತಿಗೆ ಬನ್ನಿ, ನಮ್ಮ ಅಂಗಡಿಯ ಹಿತ್ತಲಿಗೆ ಕರೆದುಕೊಂಡು ಹೋಗಿ ಸಾಕ್ಷಿ ತೋರಿಸುತ್ತೇನೆ. ಸಾಕ್ಷಿ ಒದೆಯುತ್ತದೆ, ಸ್ವಲ್ಪ ದೂರ ನಿಂತುಕೊಳ್ಳಿ.

ಬೇರೆಯವರಿಗೆ ಜನ್ಮಕ್ಕೊಂದು ಆಗುವಂಥದ್ದು ನನಗೆ ವಾರಕ್ಕೊಂದು ಆಗುತ್ತದೆ. ಯಾಕೆ ಅಂತ ಗೊತ್ತಿಲ್ಲ. ಬಾಯಿ ದೊಡ್ಡದಿರುವುದರಿಂದ ಅಂತ ನಮ್ಮವ್ವ ಹೇಳುತ್ತಾಳೆ.

ನಮ್ಮೂರು ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯ ಪಕ್ಕ. ವಿಮಾನ ತಲೆ ಮೇಲೇ ಇಳಿದರೂ ನಮ್ಮ ಕೊಟ್ಟಿಗೆಯ ಎಮ್ಮೆಗಳು ಕತ್ತೆತ್ತಿ ನೋಡುವುದಿಲ್ಲ, ಅಷ್ಟು ಮುಂದುವರಿದ ಊರು. ಆ ಊರಿನಲ್ಲಿ ನನ್ನಷ್ಟು ಮಾತಾಡುವ ಗಂಡು ಇನ್ನೊಬ್ಬನಿಲ್ಲ. ಎಲ್ಲ ಕೆಲಸವೂ ಬರುತ್ತದೆ, ಸಗಣಿ ಬಾಚುವುದೊಂದು ಆಗುವುದಿಲ್ಲ. "ಮಾತಲ್ಲೇ ದುಡಿಯೋನು ನಾನು, ಇನ್ಮೇಲೆ ಸಗಣಿ ಮುಟ್ಟಿದ್ರೆ ಕೇಳಿ" ಎಂದು ಊರವರ ಎದುರಿಗೆ ಹೇಳಿ ಶಿವಮೊಗ್ಗದ ಬಸ್ಸು ಹತ್ತಿದವನು ನಾನು.

ಅಲ್ಲಿನ ಸವಳಂಗ ರಸ್ತೆಯಲ್ಲಿ ಒಬ್ಬರು ಮೇಡಂ ಅಂಗಡಿ ಇಟ್ಟಿದ್ದರು. ಸೋಯಾ ಹಾಲು, ಶೇಂಗಾ ಮೊಸರು, ತೆಂಗಿನಹಾಲಿನ ಐಸ್‌ಕ್ರೀಮು. ಅಲ್ಲಿ ಮಾಂಸ ಮೊಟ್ಟೆ ಇಲ್ಲ ಅಂದರೆ ಅರ್ಥವಾಗುತ್ತದೆ. ದನದ ಹಾಲು, ಮೊಸರು, ತುಪ್ಪ, ಕೊನೆಗೆ ಜೇನು ಕೂಡ ಇಲ್ಲ. ಇದಕ್ಕೆ ವೀಗನ್ ಎನ್ನುತ್ತಾರಂತೆ. ನನ್ನ ಮಾತು ಕೇಳಿಯೇ ಮೇಡಂ ಪ್ರಚಾರದ ಕೆಲಸ ಕೊಟ್ಟರು. "ಮೊದಲು ನೀವು ಬಿಡ್ತೀರಾ?" ಎಂದರು. "ಆಗಲೇ ಬಿಟ್ಟೆ ಮೇಡಂ" ಎಂದೆ. ನಾಟಿಕೋಳಿ ಸಾರಿನ ವಾಸನೆಗೆ ಜ್ವರದಲ್ಲೂ ಎದ್ದು ಕೂರುತ್ತಿದ್ದವನು ಅವತ್ತಿನಿಂದ ಮುಟ್ಟಿಲ್ಲ. ಆಡಿದ ಮೇಲೆ ಮುಗಿಯಿತು.

ಮೇಡಂ ಇನ್ನೊಂದು ಮಾತು ಹೇಳಿದರು. "ಭದ್ರಾವತಿಯಲ್ಲಿ ಹೊಸ ಅಂಗಡಿ ತೆಗೀತಿದ್ದೀನಿ. ಅದನ್ನ ನೀವೇ ನೋಡ್ಕೊಳ್ಳಿ. ಆದರೆ ದೀಪಾವಳಿಯೊಳಗೆ ಒಂದು ಮನೆ, ಅಜ್ಜಿಯಿಂದ ಮೊಮ್ಮಗುವಿನವರೆಗೆ, ಪೂರ್ತಿ ವೀಗನ್ ಆಗಬೇಕು. ಆಗದಿದ್ರೆ ನೀವು ಊರಿಗೆ ಹೋಗಬಹುದು."

"ಒಂದೇ ಮನೆ ಸಾಕಾ ಮೇಡಂ?" ಎಂದು ನಕ್ಕೆ. ಅವತ್ತೇ ಊರಿಗೆ ಫೋನ್ ಮಾಡಿ ನಾನು ಮ್ಯಾನೇಜರ್ ಆದೆ ಎಂದೂ ಹೇಳಿಬಿಟ್ಟೆ. ಹಿಂದಕ್ಕೆ ಹೋಗುವ ದಾರಿಯನ್ನು ನಾನೇ ಮುಚ್ಚಿಕೊಂಡಂತಾಯಿತು.

೧. ಯಾರ್ಡಿನ ಯಜಮಾನರು

ಮೊದಲ ದಿನ ಭದ್ರಾವತಿಯ ಕ್ವಾರ್ಟರ್ಸ್ ಸಾಲಿಗೆ ಹೋದೆ. ಒಂದು ಜಗಲಿಯ ಮೇಲೆ, ಉಕ್ಕಿನ ಕಾರ್ಖಾನೆಯ ರೈಲು ಯಾರ್ಡಿನಲ್ಲಿ ದುಡಿದು ರಿಟೈರ್ ಆದ ಯಜಮಾನರು ಪೇಪರು ಓದುತ್ತಿದ್ದರು.

"ಸಾರ್, ವೀಗನ್ ಬಗ್ಗೆ ಎರಡು ಮಾತು ಹೇಳಬೇಕಿತ್ತು."

ಅವರು ಪೇಪರು ಮಡಚಿಟ್ಟರು. "ವ್ಯಾಗನ್ ಬಗ್ಗೆ? ನೀನು? ನನಗೆ?"

"ಹೌದು ಸಾರ್. ಇನ್ನು ಮುಂದೆ ಎಲ್ಲರೂ ಅದೇ ಆಗಬೇಕು."

"ಹತ್ತಬಹುದು, ತುಂಬಬಹುದು. ಆಗೋದು ಹೇಗೆ ಮಾರಾಯ?"

"ಮನಸ್ಸು ಮಾಡಿದ್ರೆ ಆಗುತ್ತೆ ಸಾರ್. ಹೊಟ್ಟೆಗೆ ಹಗುರ."

"ಹಗುರ?" ಯಜಮಾನರು ಎದ್ದೇ ನಿಂತರು. "ಖಾಲಿ ವ್ಯಾಗನ್ನೇ ಎಷ್ಟು ಭಾರ ಅಂತ ಗೊತ್ತಾ ನಿಂಗೆ?" ಎಂದವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಕ್ರ, ಬ್ರೇಕು, ಕೊಂಡಿ ಎಲ್ಲವನ್ನೂ ವಿವರಿಸಿದರು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ಅದೇ ಮೊದಲು. ಕೊನೆಗೆ ನಾನು ಬಿಡಿಸಿ ಹೇಳಿದೆ: ವ್ಯಾಗನ್ ಅಲ್ಲ ಸಾರ್, ಮಾಂಸ ಬಿಡೋದು, ಮೊಟ್ಟೆ ಬಿಡೋದು, ಹಾಲು ಬಿಡೋದು.

ಅವರು ಪೇಪರು ಮತ್ತೆ ಬಿಡಿಸಿಕೊಂಡರು. "ತ್ಯಾವರೆಕೊಪ್ಪ ಸಫಾರಿಯ ಹುಲಿಗೆ ಮೊದಲು ಹೇಳಿ ಬಾ. ಅದು ಒಪ್ಪಿ, ನೀನೂ ವಾಪಸ್ ಬಂದ್ರೆ, ನಾನೂ ಒಪ್ತೀನಿ."

೨. ಎರಡು ವರ್ಷದ ಗಿರಾಕಿ

ಆ ಇಂಗ್ಲಿಷ್ ಶಬ್ದದಿಂದಲೇ ಕೆಲಸ ಕೆಡುತ್ತಿದೆ ಎಂದು ಅದನ್ನು ಬಿಟ್ಟೆ. ಅಚ್ಚ ಕನ್ನಡದಲ್ಲಿ ಹೇಳಿಕೊಂಡು ಹೊರಟೆ: "ನಾನು ಹಾಲು ಬಿಡಿಸ್ತೀನಿ." ಸವಳಂಗ ರಸ್ತೆಯ ಒಳಗಿನ ಒಂದು ಬೀದಿಯಲ್ಲಿ ಹೀಗೆ ಹೇಳಿ ಎರಡು ಮನೆ ದಾಟಿರಲಿಲ್ಲ, ಮೂರನೆಯ ಮನೆಯವರು ತಾವೇ ಗೇಟು ತೆಗೆದು ಕರೆದರು. ನನಗೆ ರೋಮಾಂಚನವಾಯಿತು. ಮಾತು ಅಂದರೆ ಹೀಗೆ ಹಬ್ಬಬೇಕು.

ಒಳಗೆ ಚಾಪೆ ಹಾಸಿ ಕೂರಿಸಿದರು. ಮನೆಯ ಅಜ್ಜಿ ಕೇಳಿದರು, "ಎಷ್ಟು ದಿನದಲ್ಲಿ ಬಿಡಿಸ್ತೀಯಪ್ಪ?"

"ಮನಸ್ಸಿದ್ರೆ ಒಂದೇ ದಿನ ಅಜ್ಜಿ. ನಾನು ಒಂದೇ ದಿನಕ್ಕೆ ಬಿಟ್ಟೋನು."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವಾಗ ಬಿಟ್ಟೆ?"

"ಈ ವರ್ಷ."

ಅಜ್ಜಿ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಅಷ್ಟರಲ್ಲಿ ಸೊಸೆ ಒಳಗಿನಿಂದ ಅಳುವ ಮಗುವೊಂದನ್ನು ತಂದು ನನ್ನ ಎದುರಿಗೆ ನಿಲ್ಲಿಸಿದರು. "ನೋಡಿ, ಎರಡು ವರ್ಷ ತುಂಬ್ತು. ಬೇವಿನ ಸೊಪ್ಪು ಅರೆದು ಹಚ್ಚಿದ್ವಿ, ಹೆದರಿಸಿದ್ವಿ, ಏನು ಮಾಡಿದ್ರೂ ಇವನು ಎದೆಹಾಲು ಬಿಡ್ತಿಲ್ಲ. ನೀವೇ ಏನಾದ್ರೂ ಮಾಡಿ ಬಿಡಿಸಿ."

ನನ್ನ ಕಿವಿ ಕಾದ ಹೆಂಚಿನಂತಾಯಿತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಓಡಿದೆ. ಹಿಂದಿನಿಂದ ಅಜ್ಜಿ ಸೊಸೆಗೆ ಹೇಳುತ್ತಿದ್ದದ್ದು ಕೇಳಿಸಿತು: "ಪಾಪ, ಅವನೇ ಮೀಸೆ ಬಂದಮೇಲೆ ಬಿಟ್ಟಿದಾನೆ. ನಮ್ಮದು ಎಷ್ಟೋ ವಾಸಿ ಕಣಮ್ಮ."

೩. ಐದರಲ್ಲಿ ಉಳಿದದ್ದು

ಸರಿಯಾದ ಶಬ್ದ ಬೇಕಾದರೆ ಸಂಸ್ಕೃತ ಬಲ್ಲವರನ್ನೇ ಹಿಡಿಯಬೇಕೆಂದು ಶಿವಮೊಗ್ಗದ ಒಬ್ಬರು ಅರ್ಚಕರ ಮನೆಗೆ ಹೋದೆ. ಮೊದಲೇ ಮಾಂಸ ಮೊಟ್ಟೆ ಮುಟ್ಟದ ಮನೆ. ಅರ್ಧ ಕೆಲಸ ಅವರ ಮುತ್ತಜ್ಜನೇ ಮಾಡಿಟ್ಟಿದ್ದಾನೆ, ಉಳಿದರ್ಧ ನನ್ನದು ಎಂಬ ಲೆಕ್ಕ.

"ಸಸ್ಯಾಹಾರಿ ಅಂತಲೇ ಹೇಳಿ, ಸಾಕಲ್ಲ" ಎಂದರು ಅರ್ಚಕರು.

"ಹಾಗಂದ್ರೆ ಎಲ್ಲರೂ, ನಾವು ಆಗಲೇ ಸಸ್ಯಾಹಾರಿ ಅಂದುಕೊಂಡು ಮೊಸರನ್ನ ಕಲಸ್ತಾರೆ ಸ್ವಾಮಿ. ಇದರಲ್ಲಿ ಹಾಲೂ ಇಲ್ಲ."

ಅವರು ಕೈಬೆರಳು ಎತ್ತಿದರು. "ಪಂಚಾಮೃತ ಅಂದ್ರೆ ಐದು. ಹಾಲು?"

"ಇಲ್ಲ ಸ್ವಾಮಿ." ಒಂದು ಬೆರಳು ಮಡಚಿದರು.

"ಮೊಸರು? ತುಪ್ಪ?"

"ಅವೂ ಇಲ್ಲ."

"ಜೇನು?"

"ಜೇನುಹುಳದ್ದಲ್ವಾ ಸ್ವಾಮಿ, ಅದೂ ಇಲ್ಲ."

ಒಂದೇ ಬೆರಳು ನಿಂತಿತ್ತು. ಅದನ್ನು ಅವರು ಬಹಳ ವ್ಯಥೆಯಿಂದ ನೋಡಿದರು. "ಉಳಿದದ್ದು ಸಕ್ಕರೆ. ಅದನ್ನ ಹೋದ ತಿಂಗಳು ಡಾಕ್ಟರು ಬಿಡಿಸಿದ್ರು. ಹಾಗಾದ್ರೆ ನನಗೆ ಉಳಿಯೋದು ತೀರ್ಥದ ಚಮಚ ಒಂದೇ."

೪. ಕುಡಿಯೋದಾ, ತಿನ್ನೋದಾ

ಮಾತಿನಿಂದ ಆಗದ್ದು ರುಚಿಯಿಂದ ಆಗಬಹುದು ಎಂದರು ಮೇಡಂ. ಸೋಯಾ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಗೆ ಹೋದೆ. ಅಂಗಡಿಯ ಸಾಬರು ಒಳ್ಳೆಯವರು. "ಲಾವ್ ಭಾಯ್, ಕೊಡಿ ಇಲ್ಲಿ, ಒಂದು ಕೈ ನೋಡೇಬಿಡೋಣ" ಎಂದರು. ಬೆಂಚಿನ ಮೇಲೆ ಕೂತಿದ್ದವರಿಗೆ ನಾನು ಭಾಷಣ ಶುರು ಮಾಡಿದೆ. "ವ್ಯತ್ಯಾಸ ಯಾರಾದ್ರೂ ಕಂಡುಹಿಡಿದ್ರೆ ನನ್ನ ಮೀಸೆ ಬೋಳಿಸ್ತೀನಿ."

ಹಾಲು ಸೀದಾ ಕುದಿಯುವ ಟೀಗೆ ಬಿತ್ತು. ಬಿದ್ದದ್ದೇ ತಡ, ಮೇಲೆ ನೀರು, ಕೆಳಗೆ ಗಟ್ಟಿ. ಸಾಬರು ಸೌಟು ಆಡಿಸಿದರು, ಗಟ್ಟಿಯೆಲ್ಲ ಸೌಟಿಗೆ ಅಂಟಿಕೊಂಡು ಮೇಲೆ ಬಂತು. ಬೆಂಚಿನವರೆಲ್ಲ ಮೊದಲು ಸೌಟು ನೋಡಿದರು, ಆಮೇಲೆ ನನ್ನ ಮೀಸೆ ನೋಡಿದರು.

ಸಾಬರು ತಣ್ಣಗೆ ಕೇಳಿದರು, "ಇಲ್ಲೇ ತಿಂತೀರಾ, ಪಾರ್ಸಲ್ ಕಟ್ಲಾ?"

ಆ ಸಂಜೆ ನಾನು ಕನ್ನಡಿ ನೋಡಿಕೊಳ್ಳಲಿಲ್ಲ. ಮೀಸೆ ಈಗ ಮತ್ತೆ ಬಂದಿದೆ, ಮೊದಲಿಗಿಂತ ಜೋರಾಗಿದೆ.

೫. ರಾಣಿ

ದೀಪಾವಳಿ ಹತ್ತಿರ ಬಂತು. ಒಂದು ಮನೆಯೂ ಆಗಿರಲಿಲ್ಲ. ಅವ್ವ ಫೋನಿನಲ್ಲಿ, "ಮ್ಯಾನೇಜರ್ರೇ, ಹಬ್ಬಕ್ಕೆ ಬರುವಾಗ ಬಟ್ಟೆ ಗಂಟು ತರ್ತೀರೋ, ಬರೀ ಕೈಲೋ?" ಎಂದು ಕೇಳಿದಳು. ಗಂಟು ತಂದರೆ ಕೆಲಸ ಹೋಯಿತು ಎಂದು ಅರ್ಥ. ಅವಳಿಗೆ ಆಗಲೇ ವಾಸನೆ ಹತ್ತಿತ್ತು.

ಮತ್ತೆ ಭದ್ರಾವತಿಗೆ ಹೋದೆ. ಆ ಹಳೆಯ ಕ್ವಾರ್ಟರ್ಸ್ ಸಾಲಿನ ಕೊನೆಯ ಮನೆಯ ಹಿತ್ತಲಲ್ಲಿ ಒಂದು ಎಮ್ಮೆ ಕಟ್ಟಿತ್ತು. ಪಕ್ಕದಲ್ಲಿ ಬೇರೆ ಗೂಟಕ್ಕೆ ಅದರ ಕೋಣಗರು. ಮನೆಯವರು ತಮಿಳಿನವರು, ಹಿಂದಿನ ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆ ಬಂದು ನಿಂತವರು. ಅಜ್ಜಿ, ಅವರ ಮಾತಿನಲ್ಲಿ ಪಾಟಿ, ಎಮ್ಮೆಯ ಮೈ ಉಜ್ಜುತ್ತಿದ್ದರು.

"ವಾ ತಂಬಿ. ಯಾರು ಬೇಕು?"

ಎಮ್ಮೆ ಇಟ್ಟವರ ಹತ್ತಿರ ಹಾಲು ಬಿಡಿ ಅನ್ನುವುದು ಹೇಗೆ? ವಾಪಸ್ ಹೊರಟಿದ್ದೆ. ಆದರೆ ಎಮ್ಮೆ ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. "ಎರಡನೇ ಸೂಲು ಅಲ್ವಾ ಪಾಟಿ? ಒಳ್ಳೇ ಜಾತಿ. ಬಲಗಾಲಲ್ಲಿ ಒದೆಯುತ್ತೆ, ನಿಂತಿರೋದು ನೋಡಿದ್ರೇ ಗೊತ್ತಾಗುತ್ತೆ." ಅಜ್ಜಿಗೆ ಖುಷಿಯಾಯಿತು. "ಇವಳು ರಾಣಿ" ಎಂದು ಪರಿಚಯ ಮಾಡಿಸಿದರು.

ಕರು ಹಗ್ಗ ಜಗ್ಗುತ್ತಿತ್ತು. ಪ್ರಚಾರಕ್ಕೆಂದು ಮೇಡಂ ಬರೆದುಕೊಟ್ಟಿದ್ದ ಕಾಗದದ ಒಂದು ಮಾತೂ ನನಗೆ ಆಗ ನೆನಪಾಗಲಿಲ್ಲ. ನೋಡಿದ್ದನ್ನೇ ಹೇಳಿದೆ. "ಆ ಹಾಲು ಇವನದ್ದು ಪಾಟಿ. ನಮ್ಮೂರಲ್ಲಿ ಕೋಣಗರು ಹುಟ್ಟಿದ್ರೆ ದಲ್ಲಾಳಿ ಬರ್ತಾನೆ. ಹಾಲು ನಿಂತಮೇಲೆ ತಾಯಿಗೂ ಅವನೇ ಬರ್ತಾನೆ. ಲಾರಿ ಹತ್ತಿಸುವಾಗ ಎಮ್ಮೆ ಒಂದು ಸಲ ಹಿಂದೆ ತಿರುಗಿ ಮನೆ ಕಡೆ ನೋಡುತ್ತೆ. ನಾನು ಎಲ್ಲಾ ಕಡೆ ಜೋರಾಗಿರ್ತೀನಿ, ಅದನ್ನ ಮಾತ್ರ ನೋಡಕ್ಕಾಗ್ತಿರಲಿಲ್ಲ."

"ನೀನು ಹಾಲು ಕುಡಿಯಲ್ವಾ?"

"ಇಲ್ಲ."

"ಮೊಸರು? ತುಪ್ಪ? ಮಾರಿ ದುಡ್ಡು ಮಾಡೋದು?"

"ಒಂದೂ ಇಲ್ಲ ಪಾಟಿ. ಆಣೆ ಬೇಕಾ?"

"ಮಾಡು."

ರಾಣಿಯ ಬೆನ್ನು ಮುಟ್ಟಿ ಆಣೆ ಮಾಡಿದೆ. ನಮ್ಮ ಮನೆತನದವರು ಆಣೆಗೆ ಹಿಂದೆಮುಂದೆ ನೋಡುವವರಲ್ಲ.

ಅಜ್ಜಿ ಮನೆಯ ಬಾಗಿಲಿಗೆ ಹೋಗಿ ಹೇಳಿದರು, "ಇವತ್ತಿಂದ ಈ ಮನೆಯಲ್ಲಿ ಹಾಲಿಲ್ಲ." ಮಗ ಹೊರಗೆ ಬಂದು, "ಅಮ್ಮಾ, ಕಾಫಿ?" ಎಂದ. "ಕರೀದು ಕುಡಿ" ಎಂದರು. ಎದೆನೋವು ಬಂದಮೇಲೆ ಅವನಿಗೆ ಮಾಂಸ, ಮೊಟ್ಟೆ ಎರಡೂ ಡಾಕ್ಟರೇ ನಿಲ್ಲಿಸಿದ್ದರಂತೆ, ಮನೆಯವರೆಲ್ಲ ಅವನ ಜೊತೆಗೇ ಬಿಟ್ಟಿದ್ದರಂತೆ. ಉಳಿದಿದ್ದು ಹಾಲೊಂದೇ. ಈಗ ಅದೂ ಹೋಯಿತು.

ಮೇಡಂಗೆ ವಿಡಿಯೋ ಕಾಲ್ ಮಾಡಿದೆ. ಮಗ, ಸೊಸೆ, ಮೊಮ್ಮಗಳು, ಎಲ್ಲರನ್ನೂ ಅವರು ಒಬ್ಬೊಬ್ಬರನ್ನಾಗಿ ಕೇಳಿದರು. ಎಲ್ಲರೂ ಅಜ್ಜಿಯ ಮುಖ ನೋಡಿ ಹೂಂ ಎಂದರು. "ಭದ್ರಾವತಿ ಅಂಗಡಿ ನಿಮ್ಮದೇ" ಎಂದರು ಮೇಡಂ. ನನ್ನ ಎದೆ ಇಷ್ಟಗಲವಾಯಿತು. ಎಂಥ ಮಾತುಗಾರ ನಾನು ಎಂದು ನನಗೇ ಆಶ್ಚರ್ಯ.

"ಪಾಟಿ, ನಾನು ಹೇಳಿದ್ರಲ್ಲಿ ಯಾವ ಮಾತು ನಿಮಗೆ ನಾಟ್ತು?" ಎಂದು ಕೇಳಿದೆ. ಮುಂದಕ್ಕೆ ಎಲ್ಲ ಕಡೆ ಅದನ್ನೇ ಹೇಳಬಹುದಲ್ಲ.

ಅಜ್ಜಿ ರಾಣಿಯ ಹಗ್ಗ ಬಿಚ್ಚುತ್ತಿದ್ದರು. "ನನ್ನ ಮಂಡಿ ಹೋಗಿದೆ ತಂಬಿ. ಎಮ್ಮೆ ಮಾರು ಅಂತ ಮಗ ದಿನಾ ಜಗಳ. ಹಾಲು ಕುಡಿಯೋನಿಗೆ ಕೊಟ್ರೆ ಹಾಲಿರೋ ತನಕ ಸಾಕ್ತಾನೆ, ಆಮೇಲೆ ಲಾರಿ. ಹಾಲೇ ಬೇಡ ಅನ್ನೋ ಮನುಷ್ಯ ಭೂಮಿ ಮೇಲೆ ಇದ್ದಾನಾ ಅಂತ ಹುಡುಕ್ತಿದ್ದೆ. ನೀನಾಗೇ ಬಂದೆ. ಆಣೆನೂ ಮಾಡ್ದೆ." ಹಗ್ಗ ನನ್ನ ಕೈಗಿಟ್ಟರು.

ಸಹಾಯಕ್ಕೆಂದು ಫೋನು ನೋಡಿದೆ, ಕಾಲ್ ಇನ್ನೂ ಕಟ್ಟಾಗಿರಲಿಲ್ಲ. ಮೇಡಂ ಕಣ್ಣೊರೆಸಿಕೊಳ್ಳುತ್ತಿದ್ದರು. "ಎಷ್ಟು ಒಳ್ಳೇ ಕೆಲಸ. ಹೊಸ ಅಂಗಡಿ ಹಿಂದೆ ಹಿತ್ತಲು ಖಾಲಿ ಇದೆಯಲ್ಲ, ಅಲ್ಲೇ ಕಟ್ಟಿ. ನೀವೇ ನೋಡ್ಕೊಳ್ಳಿ."

ಕ್ವಾರ್ಟರ್ಸ್ ಸಾಲಿನಲ್ಲಿ ರಾಣಿ ಮುಂದೆ, ನಾನು ಮಧ್ಯೆ, ಕರು ಹಿಂದೆ. ಜಗಲಿಯ ಯಜಮಾನರು ಪೇಪರಿನ ಮೇಲಿಂದ ನೋಡಿದರು. "ಓಹೋ, ಕೊನೆಗೂ ವ್ಯಾಗನ್ ಸಿಕ್ತು. ಇಂಜಿನ್ನೂ ಇದೆ, ಬೋಗಿನೂ ಇದೆ. ನೀನು ಕೊಂಡಿನಾ?"

ಅಂಗಡಿ ಸಿಕ್ಕಿತು, ಸುಳ್ಳಲ್ಲ. ಊರಲ್ಲಿ ಅಷ್ಟನ್ನೇ ಹೇಳಿದ್ದೇನೆ. ಆದರೆ ಅವತ್ತು ಆ ಅಜ್ಜಿ ನನ್ನ ಕೈಗೆ ಕೊಟ್ಟದ್ದು ಒಂದು ಎಮ್ಮೆ, ಅದರ ಕರು, ಮತ್ತು ಸಗಣಿ ಬಾಚುವ ಮಂಕರಿ.