ಮೂರರಲ್ಲಿ ನಡುವಿನ ಡಬ್ಬಿ

ಯೇವ್ಲೆ ಪಟ್ಟಣದ ಗ್ರಾನ್‌ಕೊತ್ತೆನ್ ಗೃಹ ಸಹಕಾರ ಸಂಘದಲ್ಲಿ ಈವರೆಗೆ ಯಾವ ನಿರ್ಣಯವನ್ನೂ ಮತಕ್ಕೆ ಹಾಕಿದ್ದಿಲ್ಲ. ಎಲ್ಲವೂ ಒಮ್ಮತ. ಒಬ್ಬ ಸದಸ್ಯನಿಗೆ ಅರೆಮನಸ್ಸಿದ್ದರೂ ಅವನ ಮನಸ್ಸು ಪೂರ್ತಿಯಾಗುವ ತನಕ ಉಳಿದವರು ಕಾಯುತ್ತೇವೆ. ಅಂಗಳದ ಬೆಂಚಿಗೆ ಯಾವ ಬಣ್ಣ ಹಚ್ಚಬೇಕೆಂಬ ವಿಷಯದಲ್ಲಿ ಹಾಗೆ ಕಾಯುತ್ತಿರುವಾಗ ಬೆಂಚೇ ಕೊಳೆತುಹೋಯಿತು. ಆದರೆ ಯಾರ ಮನಸ್ಸಿಗೂ ನೋವಾಗಲಿಲ್ಲ. ಸಂಘದ ಕಾರ್ಯದರ್ಶಿಯಾಗಿ ಇದನ್ನು ಹೆಮ್ಮೆಯಿಂದ ದಾಖಲಿಸುತ್ತಿದ್ದೇನೆ.

ಏನನ್ನೇ ಕೊಳ್ಳುವುದಿದ್ದರೂ ಮೂರು ನೋಡಿ ನಡುವಿನದನ್ನು ಕೊಳ್ಳುವುದು ನಮ್ಮ ಇನ್ನೊಂದು ಪದ್ಧತಿ. ಅಗ್ಗದ್ದು ಕೊಂಡರೆ ಜಿಪುಣರು ಎನ್ನುತ್ತಾರೆ, ದುಬಾರಿಯದು ಕೊಂಡರೆ ಮೆರೆಯುತ್ತಾರೆ ಎನ್ನುತ್ತಾರೆ. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ ಎಂಬುದಕ್ಕೆ ನಮ್ಮವರು ಲಾಗೋಮ್ ಎನ್ನುತ್ತಾರೆ. ಸ್ವರ್ಗವನ್ನೇ ತಂದು ಕೈಗಿಟ್ಟರೂ ಗ್ರಾನ್‌ಕೊತ್ತೆನ್‌ನ ಸದಸ್ಯರು 'ಪರವಾಗಿಲ್ಲ' ಎಂದಾರೇ ಹೊರತು ಅದಕ್ಕಿಂತ ಮುಂದೆ ಹೋಗಲಾರರು.

ಮಾರ್ಚ್ ತಿಂಗಳ ಸರ್ವಸದಸ್ಯರ ಸಭೆಯಲ್ಲಿ, ಎಲ್ಲರೂ ಎದ್ದು ಕೋಟು ಹಾಕಿಕೊಳ್ಳುವ 'ಇತರ ವಿಷಯಗಳು' ಎಂಬ ಘಟ್ಟದಲ್ಲಿ, ಸಿಗ್ಬ್ರಿತ್ ಓಡ್‌ಮಾನ್ ಕೈಯೆತ್ತಿದಳು. ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತಳಾದ ಹೆಂಗಸು. ಹಡಗಿನ ತುದಿಗೂ ಕೇಳಿಸುವಂತೆ ಮಾತಾಡಿ ಅಭ್ಯಾಸ. ಎತ್ತಿದ ಕೈಯಲ್ಲಿ ಒಂದು ಪೆನ್‌ಡ್ರೈವ್ ಇತ್ತು.

"ಇದ್ರಲ್ಲಿ ನನ್ನ ಗಂಡ ರೂನೆ ಇದಾನೆ. ಹಳೇ ರೀಲಲ್ಲಿದ್ದಿದ್ದನ್ನ ತಂಗಿ ಮಗಳು ಇದಕ್ಕೆ ಹಾಕಿಸಿ ಕಳ್ಸಿದಾಳೆ. ಅವನು ಸತ್ತು ಯಾವ ಕಾಲ ಆಯ್ತೋ. ಓಡಾಡೋ ಚಿತ್ರ ಅಂತ ಇರೋದು ಇದೊಂದೇ. ನನ್ನ ಮನೆ ಟಿ.ವಿ. ಬ್ರೆಡ್ಡಿನ ಡಬ್ಬಿಯಷ್ಟಿದೆ, ಅದ್ರಲ್ಲಿ ನಂಗೆ ಏನೂ ಕಾಣಲ್ಲ. ಸಭಾಂಗಣದ ದೊಡ್ಡ ಟಿ.ವಿ.ಯಲ್ಲಿ ನೋಡ್ಬೇಕು. ಅದಕ್ಕೆ ಈ ಕಡ್ಡಿ ಸಿಕ್ಕಿಸಿದ್ರೆ ಓದೋಕೆ ಬರಲ್ಲ ಅನ್ನುತ್ತೆ. ಮಧ್ಯೆ ಒಂದು ಪ್ಲೇಯರ್ ಡಬ್ಬಿ ಇಟ್ರೆ ಓದುತ್ತಂತೆ, ಅಂಗಡಿಯವನು ತೋರಿಸ್ದ."

"ಅವಸರ ಏನಾದ್ರೂ ಇದೆಯಾ?" ಅಧ್ಯಕ್ಷ ಫೋಲ್ಕೆ ರೂದ್‌ಬೆಕ್ ಕೇಳಿದ.

"ಕಣ್ಣು ಹೋಗ್ತಿದೆ ಫೋಲ್ಕೆ. ಪೂರ್ತಿ ಅಲ್ಲ. ಅಂಚೆಲ್ಲಾ ಇರುತ್ತೆ, ನಡುಭಾಗ ಅಳಿಸ್ಕೊಂಡು ಹೋಗುತ್ತೆ ಅಂದ್ರು ಡಾಕ್ಟ್ರು. ಚಳಿಗಾಲದ ಹೊತ್ತಿಗೆ ಎದುರಿಗೆ ಇರೋರ ಮುಖ ಗೊತ್ತಾಗಲ್ವಂತೆ. ಅಷ್ಟರೊಳಗೆ ಅವನ ಮುಖ ಒಂದ್ಸಲ ನೋಡ್ಬೇಕು."

"ಭಾಗಶಃ ಅವಸರ," ಎಂದು ಫೋಲ್ಕೆ ನನಗೆ ಬರೆಸಿದ.

ಚಲನಚಿತ್ರ ಡಬ್ಬಿ ಆಯ್ಕೆ ಉಪಸಮಿತಿ ಕೂಡಲೇ, ಅಂದರೆ ಈಸ್ಟರ್ ಹಬ್ಬ ಮುಗಿದ ಮೇಲೆ, ರಚನೆಯಾಯಿತು. ಫೋಲ್ಕೆ, ನಾನು, ಪರಿಸರದ ಪರವಾಗಿ ಇಂಗೆಯೆರ್ಡ್ ಪಾಲ್ಮ್‌ಗ್ರೇನ್, ತಂತ್ರಜ್ಞಾನದ ಪರವಾಗಿ ಯೆರ್ಕೆರ್ ಆಲ್ಮ್‌ಲೋವ್. ಯೆರ್ಕೆರ್‌ನ ಮನೆಯಲ್ಲಿ ಇಂಥ ಡಬ್ಬಿಗಳು ನಾಲ್ಕಿವೆ. ಅವುಗಳಲ್ಲಿ ಅವನು ನೋಡುವುದು ಚಿತ್ರದ ಗುಣಮಟ್ಟ ಪರೀಕ್ಷಿಸುವ ಬಣ್ಣದ ಪಟ್ಟಿಗಳನ್ನು ಮಾತ್ರ. ಸಿನಿಮಾ ಹಾಕಿದರೆ ಗಮನ ಕಥೆಯ ಕಡೆ ಹೋಗಿ ಬಣ್ಣಕ್ಕೆ ಅನ್ಯಾಯವಾಗುತ್ತದಂತೆ. ಇಂಥ ಅನುಭವಸ್ಥನಿರುವುದು ಸಂಘದ ಭಾಗ್ಯವೆಂದು ಎಲ್ಲರೂ ಒಪ್ಪಿದೆವು.

ಮೊದಲ ಸಭೆಗೆ ಅರ್ಜಿದಾರಳನ್ನೂ ಕರೆದಿದ್ದೆವು. ದಾಲ್ಚಿನ್ನಿ ಬನ್ನು ಹಂಚಿದ ಮೇಲೆ ಯೆರ್ಕೆರ್ ಗಂಟಲು ಸರಿಮಾಡಿಕೊಂಡ.

"ವಿಡಿಯೊ ಕಡತಗಳಲ್ಲಿ ಎಷ್ಟು ಜಾತಿ ಇದೆ ಗೊತ್ತಾ? ಎಲ್ಲವನ್ನೂ ಓದೋ ಡಬ್ಬೀನೇ ಬೇಕು."

"ನನ್ನ ಹತ್ರ ಇರೋದು ಒಂದೇ ಕಡತ ಕಣೋ," ಎಂದಳು ಸಿಗ್ಬ್ರಿತ್.

"ಇವತ್ತು ಒಂದು. ನಾಳೆ?"

"ನಾಳೆ ರೂನೆ ಗೋರಿಯಿಂದ ಎದ್ದು ಬಂದು ಇನ್ನೊಂದು ತೆಗೆಸ್ಕೋತಾನಾ?"

ಭವಿಷ್ಯದ ಅಗತ್ಯಗಳ ಕುರಿತು ಫಲಪ್ರದ ಚರ್ಚೆ ನಡೆಯಿತೆಂದು ನಾನು ಬರೆದುಕೊಂಡೆ. ಇಂಗೆಯೆರ್ಡ್‌ಗೆ ಬೇರೆಯೇ ಚಿಂತೆ. ಇಂಥ ಡಬ್ಬಿಗಳನ್ನು ಆಫ್ ಮಾಡಿದರೂ ಮುಂಭಾಗದಲ್ಲಿ ಒಂದು ಪುಟ್ಟ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. "ಖಾಲಿ ಸಭಾಂಗಣದಲ್ಲಿ ಅದು ಯಾರಿಗೆ ದಾರಿ ತೋರ್ಸುತ್ತೆ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ನಡಾವಳಿಗೆ ಸೇರಿಸಿ ಸಭೆಯನ್ನು ಮುಂದೂಡಲಾಯಿತು.

ಎರಡನೆಯ ಸಭೆಗೆ ಎರಡು ಡಬ್ಬಿಗಳ ವಿವರ ಬಂತು, ಒಂದು ಅಗ್ಗ, ಇನ್ನೊಂದು ದುಬಾರಿ. ಎರಡರಲ್ಲಿ ನಡುವಿನದು ಯಾವುದು ಎಂದು ನಾವು ತುಂಬ ಹೊತ್ತು ಯೋಚಿಸಿದೆವು. ಎಷ್ಟು ಯೋಚಿಸಿದರೂ ಇರಲಿಲ್ಲ. ಮೂರನೆಯದನ್ನು ಹುಡುಕುವ ಹೊತ್ತಿಗೆ ಮೇ ತಿಂಗಳು ಬಂದು ಅಂಗಳದಲ್ಲಿ ಬರ್ಚ್ ಮರಗಳು ಚಿಗುರಿದ್ದವು. ಸಿಕ್ಕಿದ ಮೂರನೆಯದು, ದೇವರ ದಯೆ, ಬೆಲೆಯಲ್ಲಿ ಎರಡರ ನಡುವೆ ಬಂದು ಕೂತಿತು. ಸರದಿಯಲ್ಲಿ ಬಟ್ಟೆ ಒಗೆಯುವ ಸಾಮೂಹಿಕ ಕೋಣೆಯ ಬಾಗಿಲಿಗೆ, ನಮ್ಮಲ್ಲಿ ಎಲ್ಲರೂ ಓದುವ ಏಕೈಕ ಜಾಗವದು, ಈ ಪ್ರಕಟಣೆ ಅಂಟಿಸಿದೆವು:

"ಸದಸ್ಯರ ಗಮನಕ್ಕೆ. ಸಭಾಂಗಣದ ದೂರದರ್ಶನಕ್ಕೆ ನಡುತರದ ಡಬ್ಬಿಯೊಂದನ್ನು ಜೋಡಿಸಲು ತಾತ್ವಿಕವಾಗಿ ಉದ್ದೇಶಿಸಲಾಗಿದೆ. ಆಕ್ಷೇಪವಿರುವವರು ತಿಳಿಸಬಹುದು. ಆಕ್ಷೇಪವಿಲ್ಲದವರೂ, ತಮಗೆ ಆಕ್ಷೇಪವಿಲ್ಲದಿರಲು ಕಾರಣವೇನೆಂದು ತಿಳಿಸಿದರೆ ಉಪಕಾರವಾಗುತ್ತದೆ. ಬೇರೆಯವರ ಒಗೆಯುವ ಸರದಿಯಲ್ಲಿ ಬಟ್ಟೆ ಹಾಕುತ್ತಿರುವವರು ಯಾರೆಂಬುದು ನಮಗೆ ಗೊತ್ತಿದೆ."

ಕೊನೆಯ ವಾಕ್ಯ ಡಬ್ಬಿಗೆ ಸಂಬಂಧಿಸಿದ್ದಲ್ಲ. ಬಂದ ಉತ್ತರಗಳೆಲ್ಲ ಅದಕ್ಕೇ ಸಂಬಂಧಿಸಿದ್ದವು.

ಇವನ್ನು ಓದಿ ಮುಗಿಸುವಷ್ಟರಲ್ಲಿ ಅಗ್ಗದ ಡಬ್ಬಿ ತಯಾರಾಗುವುದು ನಿಂತುಹೋಯಿತು. ನಾವು ಆರಿಸಿದ್ದ ನಡುವಿನ ಡಬ್ಬಿ ರಾತ್ರೋರಾತ್ರಿ ಎಲ್ಲಕ್ಕಿಂತ ಅಗ್ಗದ್ದಾಗಿಬಿಟ್ಟಿತು. ಅದೇ ಡಬ್ಬಿ, ಅದೇ ಬೆಲೆ, ಆದರೆ ಈಗ ಅದನ್ನು ಕೊಂಡರೆ ಜಿಪುಣರಾಗುತ್ತಿದ್ದೆವು. ಸಮತೋಲನಕ್ಕೆಂದು ಯೆರ್ಕೆರ್ ಮೇಲುಗಡೆ ಒಂದು ಮಹಾದುಬಾರಿ ಡಬ್ಬಿ ಸೇರಿಸಿದ. ಆಗ ಹಳೆಯ ದುಬಾರಿಯದೇ ನಡುವಿಗೆ ಬಂತು. ಅಷ್ಟು ದುಬಾರಿಯದನ್ನು ನಡುವಿನದೆಂದು ಒಪ್ಪಲು ಇಂಗೆಯೆರ್ಡ್‌ಗೆ ಮನಸ್ಸಾಗದೆ, ಕೆಂಪು ದೀಪವೇ ಇಲ್ಲದ ಒಂದು ತೀರಾ ಅಗ್ಗದ ಡಬ್ಬಿಯನ್ನು ಕೆಳಗಿನಿಂದ ಸೇರಿಸಿದಳು. ಈಗ ನಾಲ್ಕಾದವು. ನಾಲ್ಕಕ್ಕೆ ಮತ್ತೆ ನಡುವಿಲ್ಲ.

ಸಿಗ್ಬ್ರಿತ್ ಫೋಲ್ಕೆಯನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿದಳು. ನಾನು ಪಕ್ಕದಲ್ಲೇ ಇದ್ದೆ.

"ನಾನೇ ಒಂದು ಡಬ್ಬಿ ಕೊಂಡ್ಕೊಂಡು ಬರ್ತೀನಿ. ಸಿಕ್ಕಿಸಿ, ನೋಡಿ, ಕಿತ್ಕೊಂಡು ಹೋಗ್ತೀನಿ. ನಿಮ್ಮ ತಲೆಬಿಸೀನೂ ತಪ್ಪುತ್ತೆ."

ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಫೋಲ್ಕೆಯನ್ನು ಮೀರಿಸುವವರು ಯೇವ್ಲೆಯಲ್ಲಿಲ್ಲ. "ಒಳ್ಳೇ ವಿಚಾರ ಸಿಗ್ಬ್ರಿತ್, ತುಂಬಾ ಒಳ್ಳೇದು. ಆದ್ರೆ ಅದೇ ಅವಕಾಶ ಎಲ್ಲರಿಗೂ ಸಿಗ್ಬೇಕಲ್ವಾ?"

"ಸಿಗ್ಲಿ ಬಿಡು. ಬೇಡ ಅಂದೋರು ಯಾರು?"

"ಅದೇ ತೊಂದ್ರೆ. ಬೇರೆ ಯಾರಿಗೂ ಅದು ಬೇಕಾಗಿಲ್ಲ. ಬೇಡದೋರಿಗೆಲ್ಲ ಅನ್ಯಾಯ ಆಗುತ್ತೆ."

ಬಂದರಿನಲ್ಲಿದ್ದಾಗ ಇಂಥ ಮಾತಿಗೆ ಅವಳು ಏನು ಉತ್ತರ ಕೊಡುತ್ತಿದ್ದಳೋ. ಈಗ ಪಕ್ಕದ ಕಂಬಿಯನ್ನು ತಡವಿ ಹಿಡಿದು, ಮೆಟ್ಟಿಲನ್ನು ಕಾಲಿನಲ್ಲೇ ಹುಡುಕುತ್ತ ಮೇಲೆ ಹೋದಳು. ನನಗೆ ಸಂಕಟವಾಯಿತು. ಆದರೆ ಸಂಕಟವು ಕಾರ್ಯಸೂಚಿಯಲ್ಲಿ ಇರಲಿಲ್ಲ.

ಜುಲೈನಲ್ಲಿ ನಮ್ಮ ದೇಶ ಬೇಸಿಗೆ ರಜೆಗೆಂದು ಮುಚ್ಚಿರುತ್ತದೆ. ಅಧ್ಯಕ್ಷ ತನ್ನ ಬೇಸಿಗೆ ಗುಡಿಸಲಿಗೆ ಕೆಂಪು ಬಣ್ಣ ಬಳಿಯಲು ಹೋದ, ಇಂಗೆಯೆರ್ಡ್ ಕಾಡಿಗೆ ಹಣ್ಣು ಆರಿಸಲು ಹೋದಳು, ಡಬ್ಬಿ ಮಾರುವವನು ಎಲ್ಲಿಗೆ ಹೋದನೋ ಅವನ ಫೋನಿಗೂ ಗೊತ್ತಿರಲಿಲ್ಲ. ರೋಗಗಳು ಸಹ ಆಗಸ್ಟಿನವರೆಗೆ ತಡೆದುಕೊಳ್ಳಬೇಕೆಂಬುದು ನಮ್ಮ ನಿರೀಕ್ಷೆ. ಸಿಗ್ಬ್ರಿತ್‌ಳ ಕಣ್ಣಿಗೆ ಮಾತ್ರ ಈ ಸುತ್ತೋಲೆ ತಲುಪಿರಲಿಲ್ಲ.

ಎಲ್ಲರೂ ಮತ್ತೆ ಒಟ್ಟಾಗಿದ್ದು ಆಗಸ್ಟ್ ಕೊನೆಯಲ್ಲಿ, ಅಂಗಳದ ಸಿಗಡಿ ಹಬ್ಬದ ದಿನ. ತಲೆಗೆ ಕಾಗದದ ಚೂಪು ಟೋಪಿ, ಕೊರಳಿಗೆ ಕಾಗದದ ಕರವಸ್ತ್ರ ಕಟ್ಟಿಕೊಂಡು ಸಿಗಡಿಯ ಚಿಪ್ಪು ಹೀರುತ್ತಿದ್ದಾಗ ಉಪಸಮಿತಿಯ ಸಭೆಯನ್ನೂ ಅಲ್ಲೇ ಮುಗಿಸಲು ತೀರ್ಮಾನವಾಯಿತು. ಫೋಲ್ಕೆ ಸಿಗ್ಬ್ರಿತ್‌ಳ ಎದುರು ನಿಂತು ಕುಶಲ ಕೇಳಿದ.

"ಟೋಪಿ ಕಾಣ್ತಿದೆ," ಎಂದಳು ಅವಳು ಕತ್ತು ವಾಲಿಸಿ ನೋಡಿ. "ಎರಡು ಕಿವೀನೂ ಕಾಣ್ತಿವೆ. ನಡುವೆ ನೀನಿಲ್ಲ ಫೋಲ್ಕೆ."

ಅಧ್ಯಕ್ಷನಾದವನು ತಾನು ಎದ್ದು ಕಾಣಬಾರದೆಂಬ ತತ್ವಕ್ಕೆ ಸಿಕ್ಕ ಮೆಚ್ಚುಗೆಯೆಂದು ಫೋಲ್ಕೆ ಇದನ್ನು ಸ್ವೀಕರಿಸಿ, ಅವಳ ಆರೋಗ್ಯಕ್ಕೆ ಒಂದು ಸಣ್ಣ ಲೋಟ ಮದ್ಯ ಏರಿಸಿದ.

ಆ ಹುಮ್ಮಸ್ಸಿನಲ್ಲೇ ಅವನಿಗೆ ದಾರಿ ಹೊಳೆಯಿತು. ನಾಲ್ಕಕ್ಕೆ ನಡುವಿಲ್ಲ, ಐದಕ್ಕೆ ಇದೆ. ಐದನೆಯದನ್ನು ಯಾರೂ ಕೊಳ್ಳಬೇಕಾಗಿಲ್ಲ, ಅದು ಕೆಲಸ ಮಾಡಬೇಕಾಗಿಯೂ ಇಲ್ಲ, ಪಟ್ಟಿಯಲ್ಲಿದ್ದರೆ ಸಾಕು. ಕಸ ವಿಂಗಡಿಸುವ ಕೋಣೆಯಲ್ಲಿ ಯಾರೋ ಎಸೆದಿದ್ದ ಒಡೆದ ಡಬ್ಬಿಯೊಂದನ್ನು ಯೆರ್ಕೆರ್ ಎತ್ತಿ ತಂದ. ಅದನ್ನು ಕಟ್ಟಕಡೆಯ ಅಗ್ಗದ ಡಬ್ಬಿಯೆಂದು ಕೆಳಗೆ ಸೇರಿಸಿದಾಗ, ವಸಂತದಲ್ಲಿ ನಾವು ಆರಿಸಿದ್ದ ಡಬ್ಬಿಯೇ ಸರಿಯಾಗಿ ನಡುವಿಗೆ ಬಂತು. ಅಂಗಡಿಯವನು ಮಾರ್ಚ್‌ನಲ್ಲಿ ಸಿಗ್ಬ್ರಿತ್‌ಗೆ ತೋರಿಸಿದ್ದೂ ಅದನ್ನೇ. ನಮ್ಮ ವಿಧಾನ ಎಷ್ಟು ನಿಖರವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೆಂಪು ದೀಪದ ಮೇಲೆ ಎಂಥ ಪಟ್ಟಿ ಅಂಟಿಸಬೇಕೆಂಬ ಚರ್ಚೆ ಮುಗಿದು ಡಬ್ಬಿ ಗೋಡೆಗೇರಿದಾಗ ನವೆಂಬರ್. ಉದ್ಘಾಟನೆಗೆ ಹಸಿರು ಸಕ್ಕರೆಹೊದಿಕೆಯ ಕೇಕ್ ತಂದಿದ್ದೆವು. ಇಡೀ ಸಂಘ ಬಂದಿತ್ತು. ಸಿಗ್ಬ್ರಿತ್ ಕೂದಲು ಸೆಟ್ ಮಾಡಿಸಿಕೊಂಡು, ತುಟಿಗೆ ಬಣ್ಣ ಹಚ್ಚಿ, ತೆರೆಗೆ ಅತಿ ಹತ್ತಿರದ ಕುರ್ಚಿಯಲ್ಲಿ ಕೂತಿದ್ದಳು. ತುಟಿಯ ಬಣ್ಣ ಕೊಂಚ ಪಕ್ಕಕ್ಕೆ ಸರಿದಿತ್ತು. ಫೋಲ್ಕೆಯ ಭಾಷಣವಾದ ಮೇಲೆ ಯೆರ್ಕೆರ್ ಪೆನ್‌ಡ್ರೈವ್ ಸಿಕ್ಕಿಸಿದ.

ಚಿತ್ರ ಮೂಡಿತು. ಸಮುದ್ರಕ್ಕೆ ಚಾಚಿದ ಮರದ ಕಟ್ಟೆ. ಅದರ ಮೇಲೆ ಈಜುಚಡ್ಡಿ ತೊಟ್ಟ ಒಬ್ಬ ಯುವಕ ನಮ್ಮತ್ತ ತಿರುಗಿದ.

"ನೀರು ಕಾಣ್ತಿದೆ," ಎಂದಳು ಸಿಗ್ಬ್ರಿತ್. ಕತ್ತನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು. "ಹಲಗೆ ಕಾಣ್ತಿದೆ. ಮೋಡ ಇದೆ. ರೂನೆ ಎಲ್ಲಿ?"

"ಸರಿಯಾಗಿ ನಡುವೆ ನಿಂತಿದಾನೆ," ಎಂದು ಫೋಲ್ಕೆ ತೃಪ್ತಿಯಿಂದ ಹೇಳಿದ.

ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ತೊಡೆಯ ಮೇಲಿನ ಕೈಗಳು ಒಂದನ್ನೊಂದು ಹಿಸುಕುತ್ತಿದ್ದವು. ಆಮೇಲೆ, ಬಂದರಿನ ದನಿಯೇ ಅಲ್ಲದ ದನಿಯಲ್ಲಿ ಕೇಳಿದಳು:

"ನಗ್ತಿದಾನಾ?"

"ನಗ್ತಿದಾನೆ," ಎಂದ ಯೆರ್ಕೆರ್. "ಆದ್ರೆ ಚಿತ್ರದಲ್ಲಿ ಚುಕ್ಕೆ ಜಾಸ್ತಿ. ಖಚಿತವಾಗಿ ಹೇಳೋಕಾಗಲ್ಲ."

"ನಗು ಅಲ್ಲ ಅದು," ಎಂದಳು ಇಂಗೆಯೆರ್ಡ್. "ಬಿಸಿಲಿಗೆ ಕಣ್ಣು ಕಿರಿದು ಮಾಡಿದಾನೆ."

ರೂನೆ ಬಾಯಿ ತುಂಬ ನಗುತ್ತಿದ್ದ. ನನಗೆ ಚೆನ್ನಾಗಿ ಕಂಡಿತು. ಕಾರ್ಯದರ್ಶಿಗೆ ಸ್ವಂತ ಅಭಿಪ್ರಾಯ ಇರುವಂತಿಲ್ಲವೆಂಬುದು ನಮ್ಮ ನಿಯಮ, ಮತ್ತು ನಾನು ನಿಯಮ ಮುರಿದವರಲ್ಲ. ಸಭಿಕರು ಎರಡು ಪಾಲಾಗಿ ಪಿಸುಗುಟ್ಟತೊಡಗಿದರು. ತೆರೆಯ ಮೇಲೆ ಆ ಯುವಕ ನೀರಿಗೆ ಹಾರಿದ, ಚಿತ್ರ ಮುಗಿದು ಪರದೆ ನೀಲಿಯಾಯಿತು.

"ಹಾಗಾದ್ರೆ," ಫೋಲ್ಕೆ ಕೈಯೆತ್ತಿ ಎಲ್ಲರನ್ನೂ ಸಮಾಧಾನಪಡಿಸಿದ, "ಸಾಧಾರಣ ನಗು ಅನ್ನೋಣವಾ?"

"ಆಗ್ಬಹುದು," ಎಂದ ಯೆರ್ಕೆರ್. ಇಂಗೆಯೆರ್ಡ್ ತಲೆಯಾಡಿಸಿದಳು.

"ರೂನೆ ಯಾವತ್ತೂ ಸಾಧಾರಣವಾಗಿ ನಕ್ಕೋನಲ್ಲ," ಎಂದಳು ಸಿಗ್ಬ್ರಿತ್ ನೀಲಿ ಪರದೆಯ ಕಡೆಗೇ ತಿರುಗಿ. "ಅವನು ನಕ್ರೆ ಕೂತಿರೋ ದೋಣಿ ಅಲ್ಲಾಡ್ತಿತ್ತು."

ಸಭಾಂಗಣದಲ್ಲಿ ಮುಜುಗರ ಕವಿಯಿತು. ಫೋಲ್ಕೆ ಅವಳ ಪಕ್ಕ ಬಗ್ಗಿ, ಅತ್ಯಂತ ಮೃದುವಾಗಿ ಕೇಳಿದ:

"ನಿನಗೆ ಒಪ್ಪಿಗೆ ಇಲ್ವಾ ಸಿಗ್ಬ್ರಿತ್? ಇಲ್ದಿದ್ರೆ ಹೇಳು. ಒಂದು ಉಪಸಮಿತಿ ಮಾಡೋಣ. ನಾವು ಕಾಯ್ತೀವಿ."

ಅವಳು ಅವನ ದನಿ ಬಂದ ಕಡೆ ಮುಖ ತಿರುಗಿಸಿದಳು. ಕಾಯುವುದು ಎಂದರೇನೆಂದು ಆ ಸಭಾಂಗಣದಲ್ಲಿ ಅವಳಷ್ಟು ಬಲ್ಲವರು ಇರಲಿಲ್ಲ.

"ಬೇಡ," ಎಂದಳು. "ಸಾಧಾರಣ ಅಂತಾನೇ ಬರ್ಕೊಳ್ಳಿ."

ಬರೆದುಕೊಂಡೆ. ದಿವಂಗತ ರೂನೆ ಓಡ್‌ಮಾನ್ ಸಾಧಾರಣವಾಗಿ ನಗುತ್ತಿದ್ದನೆಂದು ಸಂಘವು ಒಮ್ಮತದಿಂದ ತೀರ್ಮಾನಿಸಿತು. ಅವನ ಹೆಂಡತಿಯೂ ಸೇರಿದಂತೆ ಯಾರಿಂದಲೂ ಆಕ್ಷೇಪ ಬರಲಿಲ್ಲ.