ಹರಿಗೋಲು ಹತ್ತುವವರಿಗೆ ಐದು ಕಾನೂನು

ಇನ್ನೊಬ್ಬರಿಗೆ ಬುದ್ಧಿ ಹೇಳುವುದೆಂದರೆ ನನಗೆ ಹೋಳಿಗೆ ಉಂಡಷ್ಟು ಸಂತೋಷ. ಕೇಳುವವರಿದ್ದರೆ ಸರಿ, ಇಲ್ಲದಿದ್ದರೆ ಇನ್ನೂ ಸರಿ, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಹೊಳೆ ದಾಟುವುದು ಹೇಗೆ ಎಂಬ ಬಗ್ಗೆಯಂತೂ ಐದು ಕಾನೂನುಗಳನ್ನೇ ಬರೆದಿಟ್ಟಿದ್ದೆ. ಬರೆಯುವ ಮೊದಲು ಒಮ್ಮೆಯೂ ಮಕ್ಕಳ ಜೊತೆ ಹೊಳೆ ದಾಟಿರಲಿಲ್ಲ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಅವರನ್ನು ಅಜ್ಜಿಯ ಮನೆಗೆ ಕರೆದೊಯ್ಯುವುದು ಯಾವಾಗಲೂ ಮಾವನವರ ಕೆಲಸವಾಗಿತ್ತು.

ಆಗ ನಾನು ಸುರಪುರದ ತಹಸೀಲು ಕಚೇರಿಯಲ್ಲಿ ಗುಮಾಸ್ತ. ನಿಜಾಮಶಾಹಿ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಬಲದಿಂದ ಎಡಕ್ಕೆ ಉರ್ದು ಬರೆದು ರೂಢಿಯಾದ ಕೈಯನ್ನು ಎಡದಿಂದ ಬಲಕ್ಕೆ ತಿರುಗಿಸಿಕೊಳ್ಳುತ್ತಿದ್ದ ಕಾಲ. ಗೊಂಡೆಯ ಕೆಂಪು ಟೊಪ್ಪಿಗೆ ಪೆಟ್ಟಿಗೆ ಸೇರಿ, ತಲೆಯ ಮೇಲೆ ಬಿಳಿ ಖಾದಿ ಟೊಪ್ಪಿಗೆ ಬಂದಿತ್ತು. ಕಾಲಿನ ಬೂಟು ಮಾತ್ರ ಹಳೆಯ ಸರ್ಕಾರದ್ದೇ, ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿದ್ದು. ಅದರ ಟಕಟಕ ಸಪ್ಪಳಕ್ಕೆ ಜವಾನರು ಎದ್ದು ನಿಲ್ಲುತ್ತಿದ್ದರು. ಸರ್ಕಾರ ಹೋದರೂ ಸಪ್ಪಳ ಬಿಡಲು ನನಗೆ ಮನಸ್ಸಿರಲಿಲ್ಲ.

ಹೀಗಿರುವಾಗ ಕೃಷ್ಣೆಯ ಆಚೆ ದಂಡೆಯ ಊರಲ್ಲಿ ನನ್ನ ಹೆಂಡತಿ ಶಾಂತವ್ವನ ತಮ್ಮನ ಮದುವೆ ಬಂತು. ಮದುಮಗನಿಗೆ ಮೊದಲ ಅರಿಷಿಣ ಅಕ್ಕನ ಕೈಯಿಂದಲೇ ಆಗಬೇಕು. ಮಧ್ಯಾಹ್ನದೊಳಗೆ ನಾವು ಮುಟ್ಟದಿದ್ದರೆ ತಾನೇ ಹಚ್ಚಲು ಅವಳ ಚಿಕ್ಕಮ್ಮನ ಮಗಳು ನೀಲವ್ವ ಕೈ ಚಾಚಿಯೇ ಕೂತಿದ್ದಳು. ಹಾಗಾದರೆ ಜನ್ಮವಿಡೀ ನಿಮ್ಮ ಜೊತೆ ಮಾತಿಲ್ಲ ಎಂದು ಶಾಂತವ್ವ ಮೊದಲೇ ಹೇಳಿಬಿಟ್ಟಿದ್ದಳು. ಅದನ್ನು ಲಾಭವೆಂದು ತಿಳಿಯುವಷ್ಟು ಧೈರ್ಯ ನನಗಿರಲಿಲ್ಲ.

ದಂಡೆಯ ಮೇಲೆ ಏಳು ವರ್ಷದ ಮಗಳು ಗೌರಿಯನ್ನೂ ಅವಳ ಇಬ್ಬರು ತಮ್ಮಂದಿರನ್ನೂ ಸಾಲಾಗಿ ನಿಲ್ಲಿಸಿ ಕಾನೂನು ಓದಿದೆ. ಹೊಟ್ಟೆ ಬಿರಿಯ ಉಣ್ಣಬಾರದು. ಹತ್ತುವ ಮೊದಲೇ ಒಂದಕ್ಕೆ ಹೋಗಿ ಬರಬೇಕು. ಚಿಕ್ಕವರು ನಡುವೆ ಕೂಡಬೇಕು. ಅಂಚಿಗೆ ಕೈ ಹಾಕಬಾರದು. ಐದನೆಯದು ನನ್ನ ಅತ್ಯಂತ ಪ್ರೀತಿಯದು: ಆಚೆ ದಂಡೆ ಮುಟ್ಟುವವರೆಗೆ ಬಾಯಿ ಬಿಡಕೂಡದು.

ಓದಿ ಮುಗಿಸುವವರೆಗೆ ತಾಳ್ಮೆಯಿಂದ ನಿಂತಿದ್ದ ಅಂಬಿಗರ ಹಣಮಪ್ಪ ನನ್ನ ಕಾಲು ನೋಡಿದ. "ಸಾಹೇಬ್ರ, ಬೂಟ ಬಿಚ್ಚ್ರಿ. ತೊಗಲಿನ ಹರಗೋಲ ಅದ. ಇದರಾಗ ಚಪ್ಪಲಿ ಸೈತ ಯಾರೂ ಮೆಟ್ಟಂಗಿಲ್ರಿ."

"ಕೆಸರಾಗ ಬರಿಗಾಲಲೆ ಇಳದು ಹೋದ್ರ ಮಾವನ ಮನ್ಯಾಗ ನನ್ನ ಮರ್ಯಾದಿ ಏನಾಗಬೇಕೋ?"

"ಬಿಚ್ಚಬಾರದೇನ್ರಿ? ಹೊತ್ತಾಗಾಕತ್ತದ," ಎಂದಳು ಶಾಂತವ್ವ.

ನಾನು ಟಕಟಕ ಎಂದು ಹತ್ತಿ ಕೂತೆ. ಮನೆಯ ಯಜಮಾನನಾದವನು ಮುಂಭಾಗದಲ್ಲೇ ಕೂಡಬೇಕಲ್ಲವೇ? ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ ಎಂದು ತಿಳಿದದ್ದು ಅದು ಬುಗುರಿಯಂತೆ ತಿರುಗತೊಡಗಿದ ಮೇಲೆ. ಹೆದರಿಕೆಗೆ ಎರಡೂ ಹಿಮ್ಮಡಿಗಳನ್ನು ಬಲವಾಗಿ ಊರಿ, ಕಣ್ಣು ಮುಚ್ಚಿ ಶಿವನನ್ನು ನೆನೆದೆ. ಗೌರಿ ನನ್ನ ಅಂಗಿ ಜಗ್ಗಿದಳು. ತುಟಿಯ ಮೇಲೆ ಬೆರಳಿಟ್ಟು ಗದರಿಸಿದೆ. ಮತ್ತೆ ಜಗ್ಗಿದಳು. ಮತ್ತೆ ಬೆರಳಿಟ್ಟೆ. ಮೂರನೆಯ ಸಲ ಜಗ್ಗಲಿಲ್ಲ. ನನ್ನ ತಲೆಯಿಂದ ಟೊಪ್ಪಿಗೆಯನ್ನೇ ಕಿತ್ತಳು!

ಹೊಡೆಯಲು ಕೈ ಎತ್ತಿದವನು ಕೆಳಗೆ ನೋಡಿದೆ. ಲಾಳದ ಮೊಳೆ ತೊಗಲನ್ನು ಸೀಳಿ, ನೀರು ಬುಗುಬುಗು ಏಳುತ್ತಿತ್ತು. ಗೌರಿ ಟೊಪ್ಪಿಗೆಯನ್ನು ಮುದ್ದೆ ಮಾಡಿ ತೂತಿಗೆ ತುರುಕಿ, ಅದರ ಮೇಲೆ ಕೂತುಬಿಟ್ಟಳು. "ಮೊದ್ಲ ಯಾಕ ಹೇಳ್ಲಿಲ್ಲ?" ಎಂದು ಚೀರಿದೆ. ಅವಳು ಆಗಲೂ ಬಾಯಿ ಬಿಡಲಿಲ್ಲ. ಐದು ಬೆರಳು ತೋರಿಸಿದಳು.

ಶಾಂತವ್ವ ತಂಬಿಗೆಯಿಂದ ನೀರು ಮೊಗೆದು ಚೆಲ್ಲಿದಳು, ಅರ್ಧ ಹೊಳೆಗೆ, ಅರ್ಧ ನನ್ನ ಮೇಲೆ. ಹುಟ್ಟು ಹಾಕುತ್ತಲೇ ಹಣಮಪ್ಪ, "ಈ ಬಿಳಿ ಟೊಪಗಿ ಒಂದು ಕೆಲಸಕ್ಕ ಬಂದದ್ದು ಇವತ್ತ ನೋಡಿನ್ರಿ," ಎಂದ.

ಹೇಗೋ ಆಚೆ ದಂಡೆ ಮುಟ್ಟಿದೆವು. ಬರಿದಲೆ, ಬರಿಗಾಲು, ತೊಯ್ದ ಧೋತರ, ಕಂಕುಳಲ್ಲಿ ಬೂಟು. ನಮ್ಮ ಕಡೆ ಗಂಡಸು ಈ ವೇಷದಲ್ಲಿ ಬರುವುದು ಹೆಣ ಮಣ್ಣು ಮಾಡಿ, ಮಿಂದು ಬರುವಾಗ ಮಾತ್ರ. ಮದುವೆಯ ಹಂದರದಲ್ಲಿ ನನ್ನನ್ನು ಕಂಡ ಅತ್ತೆಯವರು ಎದೆ ಬಡಿದುಕೊಂಡರು. "ಅಯ್ಯ ಶಿವನ! ಯಾರ್ ಹೋದ್ರ ಶಾಂತಾ?"

ವಾದ್ಯ ನಿಂತಿತು. ಅರಿಷಿಣದ ಬಟ್ಟಲಿಗೆ ಬೆರಳು ಅದ್ದಿದ್ದ ನೀಲವ್ವ ಗಾಬರಿಯಾಗಿ ಬಟ್ಟಲನ್ನು ಕೆಳಗಿಟ್ಟಳು. ಶಾಂತವ್ವ ಅದನ್ನು ಎತ್ತಿಕೊಂಡು, ತಮ್ಮನ ಎರಡೂ ಕೆನ್ನೆಗೆ ಗಟ್ಟಿಯಾಗಿ ಬಳಿದ ಮೇಲೆಯೇ ಉತ್ತರ ಕೊಟ್ಟದ್ದು: "ಯಾರೂ ಹೋಗಿಲ್ಲ ಯವ್ವಾ. ಟೊಪಗಿ ಅಷ್ಟ ಹೋಗ್ಯದ."

ಮದುವೆಯ ಮೂರು ದಿನವೂ ಮಾವನವರ ಹಳೆಯ ರುಮಾಲು ನನ್ನ ತಲೆ ಏರಿ ಕಿವಿಯವರೆಗೆ ಇಳಿದಿತ್ತು. ಆದರೂ ನೆಂಟರಿಗೆಲ್ಲ ಹೊಳೆ ದಾಟುವ ಬಗ್ಗೆ ಬುದ್ಧಿ ಹೇಳುವುದನ್ನು ನಾನು ಬಿಡಲಿಲ್ಲ. ಆರನೆಯ ಕಾನೂನೊಂದನ್ನು ಸೇರಿಸಿಕೊಂಡೆ, ಅಷ್ಟೇ. ಮಕ್ಕಳೊಂದಿಗೆ ಹೋಗುವವರು ಎರಡು ಟೊಪ್ಪಿಗೆ ಒಯ್ಯತಕ್ಕದ್ದು.

ತಿರುಗಿ ಬರುವ ದಿನ ಹಣಮಪ್ಪ ಹರಿಗೋಲಿಗೆ ತೇಪೆ ಹಾಕಿ ತಂದಿದ್ದ. ಗೌರಿ ನೀರಿನಂಚಿನಲ್ಲಿ ನನ್ನ ದಾರಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು. ಬೂಟು ಬಿಚ್ಚಿ ಕೊಟ್ಟೆ. ಅದನ್ನು ಮಡಿಲಲ್ಲಿಟ್ಟುಕೊಂಡು, ನನ್ನನ್ನು ತಮ್ಮಂದಿರ ಜೊತೆ ನಡುವೆ ಕೂರಿಸಿದಳು. ನಡುಹೊಳೆಯಲ್ಲಿ ನಾನು ಹಣಮಪ್ಪನಿಗೆ, ಹುಟ್ಟನ್ನು ಸ್ವಲ್ಪ ಎಡಕ್ಕೆ ಹಾಕಿದರೆ ಒಳ್ಳೆಯದೇನೋ ಎಂದು ಹೇಳಲು ಬಾಯಿ ತೆರೆದೆ. ಗೌರಿ ತುಟಿಯ ಮೇಲೆ ಬೆರಳಿಟ್ಟಳು.